ನಾನು ಹೆಂಡತಿಯ ಬಲಗೈ ಆದದ್ದು

ಕೈಹಿಡಿದವಳ ಕೈ ಮುರಿದರೆ ಗಂಡನಾದವನು ಕೈಕಟ್ಟಿ ಕೂರಲು ಸಾಧ್ಯವೇ? ನನ್ನವಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗ ನಾನು ಎದೆಯುಬ್ಬಿಸಿ ಘೋಷಿಸಿಬಿಟ್ಟೆ: "ಯೋಚನೆ ಮಾಡಬೇಡ ಕಣೇ. ಇನ್ನು ಮೇಲೆ ನಾನೇ ನಿನ್ನ ಬಲಗೈ!"

(ಇಂಥ ಮಾತನ್ನು ಹೆಂಡತಿಯ ಎದುರು ಆಡುವ ಮುನ್ನ ಒಮ್ಮೆ ನೀರು ಕುಡಿಯಬೇಕು. ನಾನು ಕುಡಿದಿರಲಿಲ್ಲ.)

ಅವಳ ಕೆಲಸ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವುದು. ಆಗ ಕೈಯಲ್ಲಿದ್ದದ್ದು ಒಬ್ಬ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕು. ಭಾನುವಾರ ಸಂಜೆ ಅವರೇ ಮನೆಗೆ ಬಂದು ನಕ್ಷೆ ನೋಡುವವರಿದ್ದರು. ಅವರಿಗೆ ಹಿಡಿಸಿದರೆ ಮುಂದೆ ಅವರ ಮನೆ ಕಟ್ಟುವ ಕೆಲಸದ ನಕ್ಷೆಯೂ ಇವಳಿಗೇ.

"ನಿಮಗೆ ಬರುತ್ತೇನ್ರೀ?" ಎಂದಳು ಅನುಮಾನದಿಂದ.

"ಗೆರೆ ಎಳೆಯೋದು ತಾನೇ? ವಿಮೆ ಆಫೀಸಿನಲ್ಲಿ ಎಷ್ಟು ಅರ್ಜಿಗಳ ಮೇಲೆ ಅಡ್ಡಗೆರೆ ಎಳೆದಿದೀನಿ ಗೊತ್ತಾ?"

ಅವಳು ತನ್ನ ಕುರ್ಚಿಯನ್ನು ನನಗೆ ಬಿಟ್ಟು, ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತಳು. ನಾನು ಸರಸರನೆ ನಾಲ್ಕು ಗೋಡೆ ಎಬ್ಬಿಸಿದೆ.

"ನೋಡು, ಹೇಗೆ ಕೂಡಿಕೊಂಡಿವೆ!"

"ಆ ಮೂಲೇನ ಸ್ವಲ್ಪ ದೊಡ್ಡದು ಮಾಡಿ."

ಮೌಸಿನ ಚಕ್ರ ತಿರುಗಿಸಿದೆ. ಮೂಲೆಯಲ್ಲೊಂದು ಸಂದಿ ಕಂಡಿತು. ಇನ್ನಷ್ಟು ತಿರುಗಿಸಿದೆ. ಸಂದಿ ಓಣಿಯಾಯಿತು, ಓಣಿ ಹೆದ್ದಾರಿಯಾಯಿತು, ಎರಡು ಲಾರಿ ಅಕ್ಕಪಕ್ಕ ಹೋಗುವಷ್ಟು.

"ಕಣ್ಣಳತೆ ಉಪ್ಪು ಹಾಕೋಕೆ ಸಾಕು, ಇಲ್ಲಿ ನಡೆಯಲ್ಲ. ಮೊದಲಿನ ಗೆರೆಯ ತುದಿ ಹತ್ತಿರ ಹೋಗಿ. ಹಸಿರು ಚೌಕ ಮಿನುಗಿತಾ? ಈಗ ಒತ್ತಿ. ತಾನಾಗೇ ಅಂಟಿಕೊಳ್ಳುತ್ತೆ. ಉದ್ದಾನ ಎಳೆದು ತೋರಿಸಬೇಡಿ, ಅಂಕಿ ಟೈಪ್ ಮಾಡಿ."

ಅಂಟಿಕೊಂಡಿತು! ಎಷ್ಟು ಹಿಗ್ಗಿಸಿದರೂ ಬಿರುಕಿಲ್ಲ. ನಾನೂ ಹಿಗ್ಗಿದೆ. ಆ ಹಿಗ್ಗಿನಲ್ಲೇ ರೋಗಿಯ ಕುರ್ಚಿ, ಬಾಯಿ ಮುಕ್ಕಳಿಸುವ ಬೇಸಿನ್ನು, ಔಷಧದ ಕಪಾಟು ಎಲ್ಲವನ್ನೂ ಪ್ರತಿಷ್ಠಾಪಿಸಿದೆ.

"ಗೋಡೆಗಳ ಲೇಯರ್ ಆಫ್ ಮಾಡಿ ನೋಡೋಣ" ಎಂದಳು. ಗೋಡೆಗೊಂದು, ಸಾಮಾನಿಗೊಂದು, ಕೊಳಾಯಿಗೊಂದು ಎಂದು ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ನಕ್ಷೆ ಬರೆಯಬೇಕಂತೆ. ನಾನು ಆಫ್ ಮಾಡಿದೆ. ಗೋಡೆಗಳ ಜೊತೆ ಕುರ್ಚಿ, ಬೇಸಿನ್ನು, ಕಪಾಟು ಸಮಸ್ತವೂ ಮಂಗಮಾಯ!

"ರೋಗಿಯ ಕುರ್ಚೀನೂ ಇಟ್ಟಿಗೆಯಲ್ಲಿ ಕಟ್ಟಿಸ್ತೀರಾ?"

ಮರುಮಾತಾಡದೆ ಎಲ್ಲವನ್ನೂ ಅದರದರ ಲೇಯರಿಗೆ ವರ್ಗ ಮಾಡಿದೆ. ಆಫೀಸಿನಲ್ಲಿ ಮೇಲಧಿಕಾರಿಯ ಮಾತನ್ನೂ ನಾನು ಇಷ್ಟು ವಿನಯದಿಂದ ಕೇಳಿದವನಲ್ಲ.

ಭಾನುವಾರ ಊಟವಾದ ಮೇಲೆ ಅಸಲಿ ಗಂಡಾಂತರ ಬಂತು. ಚಿಕಿತ್ಸೆಯ ಕೋಣೆಯ ಬಾಗಿಲು ಒಂಬೈನೂರು ಮಿಲಿಮೀಟರ್ ಇರಬೇಕಿತ್ತು. ನನ್ನದು ಏಳು ಕಡಿಮೆ ತೋರಿಸಿತು. ನಾನು ಸದ್ದಿಲ್ಲದೆ ಅಳತೆಯ ಅಂಕಿಯನ್ನು ಅಳಿಸಿ, 900 ಎಂದು ಬರೆದುಬಿಟ್ಟೆ.

"ಅದೇನ್ರೀ ಈಗ ಮಾಡಿದ್ದು?"

(ಬೆನ್ನ ಹಿಂದೆ ಕೂತ ಹೆಂಡತಿಗೆ ಕಣ್ಣು ಎಷ್ಟಿರುತ್ತವೆ ಎಂದು ಯಾರೂ ಅಳೆದಿಲ್ಲ.)

"ಏಳೇ ಏಳು ಮಿಲಿಮೀಟರ್ ಕಣೇ! ಒಂದು ಇರುವೆ ಅಡ್ಡ ಮಲಗಿದರೆ ಸರಿಹೋಗುತ್ತೆ."

"ಬಡಗಿ ನಿಮ್ಮ ಸುಳ್ಳು ಅಂಕಿ ನೋಡಿ ಬಾಗಿಲು ಮಾಡ್ತಾನೆ. ಅದು ಅಲ್ಲಿ ಕೂರಲ್ಲ. ಆಗ ಇರುವೆನ ಕರೀತೀರಾ? ಬಾಗಿಲು ಅಳಿಸಿ, ಮೊದಲು ಗೋಡೆ ಸರಿ ಮಾಡಿ. ನನ್ನ ಕೈ ಸಿಡೀತಿದೆ, ಸ್ವಲ್ಪ ಮಲಗ್ತೀನಿ."

ಬಾಗಿಲು ಅಳಿಸಿದೆ. ಗೋಡೆಯನ್ನು ಸರಿಯಾದ ಜಾಗಕ್ಕೆ ಸರಿಸಿ ಎರಡೂ ತುದಿ ಅಂಟಿಸಿದೆ. ಆಮೇಲೆ ಒಂದೊಂದೇ ಮೂಲೆಯನ್ನು ಹಿಗ್ಗಿಸಿ ನೋಡಿದರೆ, ಆಹಾ! ಒಂದು ಗೆರೆ ಇನ್ನೊಂದನ್ನು ದಾಟಿಲ್ಲ, ಒಂದೂ ಮೋಟಾಗಿಲ್ಲ. ನನಗೆ ನಿಜಕ್ಕೂ ಕುಣಿಯಬೇಕೆನ್ನಿಸಿತು. ನೀರಿನ ಲೋಟವನ್ನು ಮೇಜಿನ ಮೂಲೆಗೆ ಇಡುವಾಗಲೂ ಹಸಿರು ಚೌಕ ಮಿನುಗಲಿ ಎಂದು ಕಾದೆ.

ಅವಳು ಎದ್ದು ಬಂದಾಗ ಮೂಲೆಗಳನ್ನಷ್ಟೇ ಸಾಲಾಗಿ ತೋರಿಸಿದೆ. "ಪರವಾಗಿಲ್ವೇ!" ಎಂದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲ. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಡಾಕ್ಟರು ಕನ್ನಡಕ ಏರಿಸಿಕೊಂಡು ಪರದೆಗೆ ಮುಖ ತಂದರು. "ಎಷ್ಟು ಸ್ವಚ್ಛವಾಗಿದೆ! ಕೈಗೆ ಪ್ಲಾಸ್ಟರ್ ಇದ್ದರೂ ಹೇಗಮ್ಮ ಮಾಡಿದಿರಿ?"

"ಎಲ್ಲಾ ಇವರೇ ಮಾಡಿದ್ದು ಡಾಕ್ಟ್ರೇ" ಎಂದಳು ನನ್ನ ಸಾಧ್ವಿ. ನನ್ನ ಎದೆಯ ಸುತ್ತಳತೆ ಆ ಕ್ಷಣದಲ್ಲಿ ಯಾವ ಟೇಪಿಗೂ ಸಿಗುತ್ತಿರಲಿಲ್ಲ.

"ತುಂಬಾ ಸಂತೋಷ. ಒಂದೇ ಒಂದು ಸಂದೇಹ" ಎಂದು ಡಾಕ್ಟರು ನನ್ನತ್ತ ತಿರುಗಿದರು. "ಚಿಕಿತ್ಸೆಯ ಕೋಣೆಗೆ ನಾನು ಹೋಗೋದು ಎಲ್ಲಿಂದ?"

ನೋಡಿದೆ. ನಾಲ್ಕೂ ಕಡೆ ಗೋಡೆ. ಇರುವೆಗೂ ದಾರಿಯಿಲ್ಲ. ಅಳಿಸಿದ ಬಾಗಿಲನ್ನು ನಾನು ಮತ್ತೆ ಇಟ್ಟೇ ಇರಲಿಲ್ಲ!

"ನನ್ನ ರೋಗಿಗಳು ಇಂಥ ಕ್ಲಿನಿಕ್ಕಿಗೇ ಕಾಯ್ತಿದ್ದಾರೆ ಬಿಡಿ!" ಎಂದು ಡಾಕ್ಟರು ನಗತೊಡಗಿದರು. ನನ್ನವಳಂತೂ ಪ್ಲಾಸ್ಟರಿನ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕಳು. ಆಮೇಲೆ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೌಸನ್ನು ಎಡಗೈಯಲ್ಲಿ ಹಿಡಿದಳು. ಟಕ್, ಟಕ್, ಟಕ್. ಗೋಡೆ ಬಾಯಿ ಬಿಟ್ಟಿತು, ಬಾಗಿಲು ಬಂದು ಕೂತಿತು, ಪಕ್ಕದಲ್ಲಿ 900 ತಾನಾಗಿಯೇ ಮೂಡಿತು.

"ನಿನಗೆ ಎಡಗೈಯಲ್ಲೂ ಬರುತ್ತಾ?"

"ಹೂಂ, ಮೊದಲಿಂದಲೂ. ಯಾವ ಕೈ ಆದರೇನು?"

"ಹಾಗಾದರೆ ನನ್ನ ಯಾಕೆ ಇಷ್ಟು ದಿನ ಗೋಳಾಡಿಸಿದೆ?"

"ನೀವೇ ಆಸೆಪಟ್ಟು ಬಂದ್ರಿ. ಮದುವೆಯಾದ ಮೇಲೆ ಇದೇ ಮೊದಲ ಸಲ ನಾನು ಹೇಳಿದ್ದನ್ನೆಲ್ಲ ಎದುರು ಮಾತಾಡದೆ ಕೇಳ್ತಾ ಇದ್ರಿ. ಅಂಥ ಸುಖಾನ ನಾನಾಗಿ ಕಳ್ಕೊಳ್ಳಲಾ?"

ಏನೋ ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ತೆರೆದಂತೆಯೇ ಉಳಿಯಿತು.

"ಅಲ್ಲಾಡಬೇಡಿ, ಹಾಗೇ ಇರಿ" ಎಂದರು ಡಾಕ್ಟರು, ಕನ್ನಡಕ ಸರಿಮಾಡಿಕೊಳ್ಳುತ್ತಾ. "ಕೆಳದವಡೆಯಲ್ಲಿ ಒಂದು ಹುಳುಕು ಕಾಣಿಸ್ತಿದೆ."