ಹಂಡೆ ಒಲೆಯ ಲಾಭ

ಅಪ್ಪಯ್ಯಣ್ಣ ಮೈಗೆಲ್ಲ ಹರಳೆಣ್ಣೆ ಬಳಿದುಕೊಂಡು ಬಚ್ಚಲಿಗೆ ಹೊರಟಿದ್ದಷ್ಟೇ, ಹೆಂಡತಿ ಮುನಿವೆಂಕಟಮ್ಮ ಅಡ್ಡ ನಿಂತಳು.

"ಹಂಡೆ ನೀರಲ್ಲಿ ಇವತ್ತೇ ಕೊನೆ ಸ್ನಾನ. ಮಹಡಿ ಮೇಲೆ ಸೋಲಾರ್ ಕೂತದೆ. ಸಂಜೆಗೆ ಒಲೆ ಒಡ್ಸಿ, ಹಂಡೆ ಗುಜರಿಗೆ ಹಾಕ್ತೀನಿ. ಬರೀ ಬಿಸ್ನೀರಿಗೆ ಇಷ್ಟೊಂದ್ ಸೌದೆನಾ?"

"ಕೊನೆ ಸ್ನಾನ ಅಂತೀಯಲ್ಲೇ, ನಾನಿನ್ನೂ ಬದುಕಿದ್ದೀನಿ!"

ಬಾಯಲ್ಲಿ ಜೋರು ಮಾಡಿದರೂ ಆ ಒಲೆ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಆವತಿ ಊರಿನ ಆ ಬಚ್ಚಲಲ್ಲೇ ಅವನ ಅವ್ವ ಅವನಿಗೆ ನೀರೆರೆದದ್ದು. ಕಣ್ಣಿಗೆ ಸೀಗೆಪುಡಿ ಬಿದ್ದು ಅವನು ಕಿರುಚಿದರೆ ನಂದಿಬೆಟ್ಟದ ಕೋತಿಗಳು ಕಿವಿ ಮುಚ್ಚಿಕೊಳ್ಳುತ್ತಿದ್ದವಂತೆ. ಮೈ ಒರೆಸಿದ ಮೇಲೆ ಅವ್ವ ಒಲೆಯ ಬೂದಿ ಕೆದಕಿ, ಸುಟ್ಟ ಗೆಣಸು ತೆಗೆದು, ಉಫ್ ಉಫ್ ಎಂದು ಊದಿ ಕೈಗಿಡುತ್ತಿದ್ದಳು.

ಜಗುಲಿಯಲ್ಲಿ ಅಳಿಯ ವೇಣುಗೋಪಾಲ್ ಕಾಫಿ ಕುಡಿಯುತ್ತಿದ್ದ. ಯಾವುದೋ ದೂರದೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು, ರಜೆಗೆ ಬಂದಿದ್ದ.

"ಅಳಿಯಂದ್ರೇ, ನಿಮ್ದು ಇನ್ನೂ ದೊಡ್ಡ ಒಲೆ ಅಲ್ವಾ? ಅದು ಹೆಂಗ್ ಗಿಟ್ತದೆ?"

"ಕರೆಂಟ್ ಒಂದನ್ನೇ ನಂಬಿದ್ರೆ ಗಿಟ್ಟಲ್ಲ ಮಾವ. ಕಲ್ಲಿದ್ದಲಿಂದ ಗ್ಯಾಸ್ ತೆಗೀತೀವಿ. ಕರೆಂಟಿಗೆ ಒಳ್ಳೆ ರೇಟಿದ್ರೆ ಅದ್ರಲ್ಲಿ ಕರೆಂಟು. ಇಲ್ದಿದ್ರೆ ಅದೇ ಗ್ಯಾಸಲ್ಲಿ ಮೆಥನಾಲ್, ಒಂಥರಾ ಸ್ಪಿರಿಟ್ಟು. ಒಲೆ ಒಂದೇ, ಮಾಲು ಎರಡು. ಖರ್ಚು ಹಂಚ್ಕೊಂಡ್ ಹೋಗ್ತದೆ."

ಅಪ್ಪಯ್ಯಣ್ಣ ಎಣ್ಣೆಮೈಯಲ್ಲೇ ಎಗರಿದ. "ಹಂಗಾರೆ ಗೆಣಸೇ ನಮ್ ಮೆಥನಾಲು!"

'ಸೌದೆ ತಂದು ನಮ್ಮೊಲೇಲಿ ಏನ್ ಬೇಕಾದ್ರೂ ಸುಟ್ಕೊಳ್ಳಿ, ನಮಗೊಂದ್ ಪಾಲು ಕೊಡಿ' ಎಂದು ಪಕ್ಕದ ಮನೆಯ ದ್ಯಾವಮ್ಮನಿಗೆ ಹೇಳಿದ್ದೇ ತಡ, ಊರಿಗೇ ಡಂಗುರ ಸಾರಿದಂತಾಯಿತು. ಅವಳೊಂದು ಕುಕ್ಕೆ ಗೆಣಸು ತಂದಳು. ಯಾರೋ ಗೊಜ್ಜಿಗೆ ಬದನೆಕಾಯಿ ತಂದರು, ಇನ್ಯಾರೋ ನಲ್ಲೂರು ತೋಪಿನ ಹುಣಸೆಬೀಜ ಹುರಿಯಲು ಕೊಟ್ಟರು. ಬಂದವರೆಲ್ಲ ಬಗಲಲ್ಲಿ ಸೌದೆಯನ್ನೂ ತಂದರು. ಘಮಲಿಗೆ ಮನಸೋತ ವಿಮಾನವೊಂದು ಹತ್ತಿರದ ನಿಲ್ದಾಣದಲ್ಲಿ ಇಳಿಯುವುದು ಬಿಟ್ಟು ಊರ ಮೇಲೆ ಎರಡು ಸುತ್ತು ಹೆಚ್ಚಿಗೆ ಹಾಕಿತೆಂದು ದ್ಯಾವಮ್ಮ ಇಂದಿಗೂ ಆಣೆ ಇಡುತ್ತಾಳೆ.

ಮಧ್ಯಾಹ್ನ ಅಪ್ಪಯ್ಯಣ್ಣ ಹಂಡೆಗೆ ಬೆರಳಿಟ್ಟ. ನೀರು ಹಸುವಿನ ಮೂಗಿನಷ್ಟು ತಣ್ಣಗಿತ್ತು. ಒಂದು ಸೌದೆ ಮುಂದಕ್ಕೆ ತಳ್ಳಿದ.

"ಲೇ, ಉರಿ ಜಾಸ್ತಿ ಮಾಡ್ಬೇಡ ಕಣೋ, ನನ್ ಗೆಣಸು ಸೀದೋಯ್ತದೆ!" ದ್ಯಾವಮ್ಮ ಅವನ ಕೈಗೇ ಕಡ್ಡಿಯಲ್ಲಿ ಬಾರಿಸಿದಳು.

"ಅಕ್ಕಾ, ನನ್ ಸ್ನಾನ..."

"ಒಂದಿನ ಬಿಟ್ರೆ ಕೊಳ್ತೋಗಲ್ಲ, ಎಣ್ಣೆ ಹಾಕಿಟ್ಟಿರೋ ಉಪ್ಪಿನಕಾಯಿ ನೀನು!"

ಸಂಜೆಗೆ ಅಪ್ಪಯ್ಯಣ್ಣನ ಮೂಗಿನ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮುಖ ಮಾತ್ರ ಅರಳಿತ್ತು. ಮೂಲೆಯಲ್ಲಿ ಮಿಕ್ಕ ಸೌದೆ, ತಟ್ಟೆಯಲ್ಲಿ ಎಲ್ಲರೂ ಬಿಟ್ಟುಹೋದ ಪಾಲು.

"ನೋಡೇ, ಒಲೆ ಗಿಟ್ತು! ಇನ್ನು ಒಡೆಯಂಗಿಲ್ಲ."

ಮುನಿವೆಂಕಟಮ್ಮ ಹುಣಸೆಬೀಜ ಕಟುಂ ಎನಿಸುತ್ತ ಅಳಿಯನ ಕಡೆ ತಿರುಗಿದಳು. "ಅಳಿಯಂದ್ರೇ, ಆ ಸ್ಪಿರಿಟ್ಟಿಗೇ ಗಿರಾಕಿ ಜಾಸ್ತಿ ಆದ್ರೆ ಏನ್ ಮಾಡ್ತೀರಿ?"

"ಗ್ಯಾಸೆಲ್ಲ ಅದಕ್ಕೇ ತಿರುಗಿಸ್ತೀವಿ ಅತ್ತೆ. ಕರೆಂಟ್ ಕಮ್ಮಿ ಮಾಡ್ತೀವಿ."

"ಸರಿ. ಒಲೆ ಇರ್ಲಿ. ಹಂಡೆ ಇಳ್ಸಿ, ಬಾಣಲಿ ಇಡಿ."

ಹಂಡೆ ಗುಜರಿಯವನ ಗಾಡಿ ಹತ್ತಿತು. ಅಪ್ಪಯ್ಯಣ್ಣ ಒಲೆಯ ಮುಂದೆ ಕುಕ್ಕರಿಸಿ, ಬೂದಿ ಕೆದಕಿ, ಒಂದು ಗೆಣಸು ತೆಗೆದು ಊದಿದ. ಅದೇ ಸಿಹಿ. ಕಣ್ಣು ತುಂಬಿತು, ಹೊಗೆ ಎಂದುಕೊಂಡ.

ಆಮೇಲೆ ಸೀಗೆಪುಡಿ ಹಿಡಿದು ಬಚ್ಚಲಿಗೆ ಹೋಗಿ ಸೋಲಾರಿನ ನಲ್ಲಿ ತಿರುಗಿಸಿದ. ಮೈಮೇಲೆ ಹಿಮ ಸುರಿದಂತಾಗಿ ಕಿರುಚಿದ ಕಿರುಚಿಗೆ ನಂದಿಬೆಟ್ಟದ ಕೋತಿಗಳು ಮತ್ತೆ ಕಿವಿ ಮುಚ್ಚಿಕೊಂಡವು.

"ಇವತ್ತು ಪೂರಾ ಮೋಡ ಇತ್ತಲ್ಲ ಮಾವ!" ಎಂದ ವೇಣುಗೋಪಾಲ್, ಗೆಣಸಿನ ಸಿಪ್ಪೆ ಸುಲಿಯುತ್ತ.