ದೊರೆಗೆ ನೆಂಟರ ತಾಲೀಮು

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಇಲಿಗಳ ಹಳೆಯ ತಲೆನೋವು. ವಾಚಣ್ಣನ ತಲೆನೋವು ಅದಕ್ಕಿಂತ ದೊಡ್ಡದು. ಬಾಗಿಲ ಗಂಟೆ ಒಂದು ಸಲ ಹೊಡೆದರೆ ಸಾಕು, ಅವನ ಬೆಕ್ಕು ಬೀರುವಿನ ಮೇಲೆ ಹತ್ತಿ ಕೂತು ಎರಡು ದಿನ ಊಟ ಬಿಡುತ್ತಿತ್ತು.

ಬೆಕ್ಕಿನ ಹೆಸರು ದೊರೆ. ವಾಚಣ್ಣನದು ಗಡಿಯಾರ ರಿಪೇರಿ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಅವನನ್ನು ಕರೆಯುವವರು ಈಗ ಯಾರೂ ಇಲ್ಲ. ಮದುವೆಯಾಗಿಲ್ಲ. ಎರಡನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ಗೋಡೆ ಗಡಿಯಾರ, ಒಬ್ಬ ದೊರೆ, ಒಬ್ಬ ಪ್ರಜೆ.

ಹೋದ ವರ್ಷ ರಜೆಗೆ ತಂಗಿ, ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು ನಾಲ್ಕು ದಿನ ಇರುತ್ತೇವೆಂದು ಬಂದಿದ್ದರು. ದೊರೆ ಚಿಕ್ಕವಳ ಕೈ ಪರಚಿ ಬೀರು ಹತ್ತಿದ. ವಾಚಣ್ಣ ಎಲ್ಲರಿಗೂ ‘ಶ್... ಶ್...’ ಎನ್ನುತ್ತಲೇ ದಿನ ಕಳೆದ. ಮರುದಿನ ಅವರು ಗಂಟುಮೂಟೆ ಕಟ್ಟಿದರು. ಈ ಸಲ ತಂಗಿ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು: “ಅಣ್ಣಾ, ಇದೊಂದ್ಸಲ ಬರ್ತೀವಿ. ಮತ್ತೆ ಹಾಗೇ ಆದ್ರೆ, ಇನ್ಮೇಲೆ ಫೋನಲ್ಲೇ ಮಾತಾಡ್ಕೊಳ್ಳೋಣ ಬಿಡು.”

ವರ್ಷಕ್ಕೆ ಆ ನಾಲ್ಕು ದಿನವೂ ಹೋದರೆ ಉಳಿಯುವುದು ಹನ್ನೊಂದು ಗಡಿಯಾರದ ಟಿಕ್ ಟಿಕ್.

ಆಗಲೇ ಆ ಮಹಾಯೋಜನೆ ಹೊಳೆದದ್ದು. ರಿಪೇರಿಯಾದ ಗಡಿಯಾರವನ್ನು ಗಿರಾಕಿಗೆ ಕೊಡುವ ಮುಂಚೆ ಒಂದು ವಾರ ಓಡಿಸಿ ನೋಡುತ್ತಾನಲ್ಲ, ಹಾಗೆಯೇ ನೆಂಟರನ್ನೂ ಮುಂಚಿತವಾಗಿ ಓಡಿಸಿ ನೋಡುವುದು! (ಹೊರಗಟ್ಟುವುದಲ್ಲ.) ಒಳಕೋಣೆಯಲ್ಲಿ ದೊರೆಯ ಅಜ್ಞಾತವಾಸಕ್ಕೆ ರಟ್ಟಿನ ಪೆಟ್ಟಿಗೆ, ತನ್ನ ಹಳೇ ಸ್ವೆಟರು, ನೀರು, ಮರಳಿನ ತಟ್ಟೆ ಎಲ್ಲ ಸಿದ್ಧವಾಯಿತು. ನೆಂಟರು ಬರಲು ಇನ್ನು ಹತ್ತು ದಿನ. ದಿನಾ ಸಂಜೆ ಏಳಕ್ಕೆ ವಾಚಣ್ಣ ಸೂಟ್‌ಕೇಸ್ ಹಿಡಿದು ಹೊರಗೆ ಹೋಗುವನು. ಎಳೆದರೆ ತಾನೇ ಬೀಗ ಬೀಳುವ ಬಾಗಿಲು, ಕೀ ಜೇಬಿನಲ್ಲಿ. ಗಂಟೆ ಒತ್ತುವನು, ಬಾಗಿಲು ತೆಗೆಯುವನು, ತನ್ನನ್ನು ತಾನೇ ಸ್ವಾಗತಿಸುವನು.

“ಬನ್ನಿ ಬನ್ನಿ! ಪ್ರಯಾಣ ಹೇಗಾಯ್ತು?”

“ಅಯ್ಯೋ, ಬಸ್ಸಲ್ಲಿ ಕಾಲಿಡೋಕೂ ಜಾಗ ಇರ್ಲಿಲ್ಲ ಕಣೋ ಅಣ್ಣಾ!” (ಇದು ತಂಗಿಯ ದನಿ.)

“ಮಾವಾ, ಬೆಕ್ಕೆಲ್ಲಿ?” (ಇದು ಮಕ್ಕಳದು. ಐವತ್ತೆಂಟರ ಗಂಟಲಿಗೆ ತುಸು ಕಷ್ಟ.)

ಪ್ರತಿ ಸಲ ಗಂಟೆ ಒತ್ತಿದಾಗಲೂ ದೊರೆಗೊಂದು ಮೀನಿನ ತುಂಡು. ಮೂರನೇ ದಿನ ತಾಲೀಮಿನಲ್ಲಿ ತಂಗಿ, “ನಿನ್ನ ಮಂಡಿ ನೋವು ಹೇಗಿದೆ ಅಣ್ಣಾ?” ಎಂದು ಕೇಳಿದಳು. ಬೆಕ್ಕಿಗೆ ಆ ಮಾತು ಬೇಕಿರಲಿಲ್ಲ. ಆದರೂ ವಾಚಣ್ಣ ಹತ್ತು ನಿಮಿಷ ಉತ್ತರ ಕೊಟ್ಟ. ಅಂದಿನಿಂದ ಅವಳು ದಿನಾ ಕೇಳಿದಳು.

ಎದುರುಮನೆಯಲ್ಲಿ ಒಬ್ಬರೇ ಇದ್ದ ರಿಟೈರ್ಡ್ ಟೀಚರಮ್ಮ ಒಂದು ದಿನ ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದರು. “ಏನ್ ವಾಚಣ್ಣ, ದಿನಾ ನೆಂಟರು ಬರೋದು ಕೇಳ್ಸುತ್ತೆ. ಒಬ್ರೂ ವಾಪಸ್ ಹೋಗಿದ್ದು ಕಾಣ್ಲಿಲ್ವಲ್ಲ?”

“ಬೆಕ್ಕಿಗೆ ಅಭ್ಯಾಸ ಮಾಡಿಸ್ತಿದ್ದೀನಿ ಟೀಚರಮ್ಮ.”

“ಓಹೋ, ಬೆಕ್ಕಿಗೆ,” ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಿಜವಾದ ನೆಂಟರು ಬಂದರು. ಗಂಟೆ ಹೊಡೆದದ್ದೇ ತಡ, ದೊರೆ ಬಾಲ ಎತ್ತಿಕೊಂಡು ಬಂದು ಚಿಕ್ಕವಳ ತೊಡೆಯ ಮೇಲೆ ಪಟ್ಟಾಭಿಷಿಕ್ತನಾದ. ಯೋಜನೆಗೆ ನೂರಕ್ಕೆ ನೂರು ಅಂಕ. ಆದರೆ ಹತ್ತು ದಿನವೂ ಎಲ್ಲರ ಮಾತನ್ನೂ ತಾನೇ ಆಡಿದ್ದ ವಾಚಣ್ಣನಿಗೆ ಈಗ ಒಂದು ಮಾತಿಗೂ ಸಂದು ಸಿಗಲಿಲ್ಲ. ಟೀವಿ ಕಿರುಚಿತು. ದೊಡ್ಡವಳು ಅವನ ಭೂತಗನ್ನಡಿಯಲ್ಲಿ ಗೋಡೆಯ ಇರುವೆಗಳನ್ನು ಹಿಂಬಾಲಿಸಿದಳು. ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ತಂಗಿಯ ಗಂಡ ಹನ್ನೊಂದು ಗಡಿಯಾರದ ಸೆಲ್ಲನ್ನೂ ಕಿತ್ತಿಟ್ಟ. ಮಂಡಿಯ ಸುದ್ದಿ ಯಾರೂ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ತಂಗಿ ಒಳಕೋಣೆಯ ಬಾಗಿಲು ತಳ್ಳಿದಳು. ಮರಳಿನ ತಟ್ಟೆಯ ಪಕ್ಕ ಅಣ್ಣ ಸ್ವೆಟರು ಹೊದ್ದು ಕೂತಿದ್ದ.

“ಇಲ್ಲೇನ್ ಮಾಡ್ತಿದ್ದೀಯ?”

“ದೊರೆಗೆ ಜಾಗ ಸರಿ ಇದ್ಯಾ ಅಂತ ನೋಡ್ತಿದ್ದೆ.”

“ದೊರೆ ಹೊರಗೆ ಆರಾಮಾಗಿದಾನೆ. ಹೆದ್ರಿ ಬಚ್ಚಿಟ್ಕೊಂಡಿರೋನು ನೀನು!” ನಕ್ಕು ಪಕ್ಕದಲ್ಲೇ ಕೂತಳು. ಆಮೇಲೆ ಮೆಲ್ಲಗೆ, “ಮಂಡಿ ನೋವು ಹೇಗಿದೆ?” ಎಂದಳು.

ಹತ್ತು ನಿಮಿಷದ ಉತ್ತರ ಬಾಯಿಪಾಠವಾಗಿತ್ತು. ಆದರೆ “ಪರ್ವಾಗಿಲ್ಲ” ಎಂಬುದಷ್ಟೇ ಹೊರಬಂತು.

ನಾಲ್ಕು ದಿನವೂ ಇದ್ದು, ಮುಂದಿನ ವರ್ಷ ಐದು ದಿನ ಎಂದು ಹೇಳಿ ಅವರು ಹೊರಟರು. ವಾಚಣ್ಣ ಗಡಿಯಾರಗಳಿಗೆ ಸೆಲ್ ಹಾಕಿ, ನಾಲ್ಕು ತಟ್ಟೆ ತೊಳೆದು ಒಳಗಿಟ್ಟ. ಮನೆ ಬಿಕೋ ಎನ್ನುತ್ತಿತ್ತು. ಏಳು ಹೊಡೆಯಿತು. ದೊರೆ ಬಾಗಿಲ ಮುಂದೆ ಹೋಗಿ ಬಾಲ ಎತ್ತಿ ಕಾದ. ಏಳೂಕಾಲಾದರೂ ಕದಲಲಿಲ್ಲ. ಮಿಯಾಂವ್ ಎಂದ ದನಿ ಕೇಳಲಾರದೆ ವಾಚಣ್ಣ ಸೂಟ್‌ಕೇಸ್ ಎತ್ತಿಕೊಂಡು ಹೊರಗೆ ಬಂದು ಬಾಗಿಲೆಳೆದ. ಗಂಟೆ ಒತ್ತಿ, ಜೇಬಿಗೆ ಕೈ ಹಾಕಿದ.

ಕೀ ಒಳಗೆ ಮೊಳೆಯ ಮೇಲಿತ್ತು.

ಮತ್ತೆ ಗಂಟೆ ಒತ್ತಿದ. ಒಳಗಿನಿಂದ ದೊರೆ, ಕಿಂಚಿತ್ತೂ ಹೆದರಿಕೆಯಿಲ್ಲದೆ, ಬನ್ನಿ ಎಂಬಂತೆ ಕೂಗಿದ. ಬಾಗಿಲು ತೆಗೆಯಲು ಮಾತ್ರ ಯಾರೂ ಇರಲಿಲ್ಲ. ಇಡೀ ಊರಿನ ಗಡಿಯಾರ ಬಿಚ್ಚಬಲ್ಲವನು ತನ್ನ ಮನೆಯ ಬೀಗದ ಮುಂದೆ ಬೆಪ್ಪನಂತೆ ನಿಂತ.

ಎದುರುಮನೆಯ ಬಾಗಿಲು ತೆರೆಯಿತು. “ಯಾಕ್ ವಾಚಣ್ಣ, ಒಳಗೆ ಯಾರೂ ಇಲ್ವಾ?”

“ಇಲ್ಲ ಟೀಚರಮ್ಮ,” ಎಂದ ವಾಚಣ್ಣ. “ಯಾರೂ ಇಲ್ಲ.”

ಅವರು ಬೀಗದವನಿಗೆ ಫೋನ್ ಮಾಡಿದರು. ಬರಲು ಒಂದು ತಾಸಾಗುತ್ತದಂತೆ. ಫೋನಿಟ್ಟು ಅವನನ್ನೂ ಸೂಟ್‌ಕೇಸನ್ನೂ ಒಮ್ಮೆ ನೋಡಿ, ಬಾಗಿಲನ್ನು ಪೂರ್ತಿ ತೆರೆದರು.

“ಬನ್ನಿ ಬನ್ನಿ,” ಎಂದರು. “ಪ್ರಯಾಣ ಹೇಗಾಯ್ತು?”