ಶನಿಯಾರನ ನಲವತ್ತರ ನೆತ್ತಿ

ಶನಿಯಾರ ಅಂಬಿಗನ ಬೋಳುನೆತ್ತಿಯ ಹೊಳಪನ್ನು ದೀಪಸ್ತಂಭವೆಂದು ತಿಳಿದು, ಮುಂಬಯಿಗೆ ಹೊರಟಿದ್ದ ಮೂರು ಹಡಗುಗಳು ಒಂದೇ ಮಧ್ಯಾಹ್ನ ಹೊನ್ನಾವರದ ಅಳಿವೆಯೊಳಗೆ ನುಗ್ಗಿದ್ದವು. ಹೀಗೆಂದವನು ಶನಿಯಾರನೇ. ಶರಾವತಿಯ ತಾರಿಯಲ್ಲಿ, ದೋಣಿ ದಾಟುವ ಕಡವಿನಲ್ಲಿ, ಜನರನ್ನು ಕಾಸರಕೋಡಿನ ದಡಕ್ಕೆ ದಾಟಿಸುತ್ತ ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಈ ಸಂಗತಿಯನ್ನು ಒಬ್ಬನಾದರೂ ನಂಬಿದ್ದರೆ ಅಳಿವೆಯ ನೀರು ಸಿಹಿಯಾಗಿಬಿಡುತ್ತಿತ್ತು.

ನೆತ್ತಿ ಹೊಳೆಯುತ್ತಿದ್ದುದು ಮಾತ್ರ ನಿಜ. ಇಡೀ ಕೇರಿಯಲ್ಲಿ ಅವನಷ್ಟು ಬಿಳಿ ಮೈಯವನು ಇನ್ನೊಬ್ಬನಿರಲಿಲ್ಲ. ಇಪ್ಪತ್ತೈದಕ್ಕೇ ಕೂದಲು ಉದುರಿ, ಕಿವಿಯ ಮೇಲೆ ಎರಡು ಕುಚ್ಚು ಉಳಿದಿದ್ದವು. ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಳ್ಳಿ ಎಂದು ಹೆಂಡತಿ ಲಕ್ಕಿ ಹೇಳಿ ಹೇಳಿ ಸೋತಿದ್ದಳು.

"ಸೂರ್ಯ ನನ್ನ ನೆತ್ತಿ ನೋಡ್ಕಂಡೇ ಮೀಸೆ ತೀಡೂದು. ಮುಚ್ಚಿದ್ರೆ ಅಂವ ಎಂತ ಮಾಡ್ಬೇಕು?" ಎನ್ನುತ್ತಿದ್ದ ಶನಿಯಾರ.

ಸೂರ್ಯ ಆ ಉಪಕಾರ ಮರೆಯಲಿಲ್ಲ. ೧೯೬೪ರ ಬೇಸಿಗೆಯ ಹೊತ್ತಿಗೆ ನೆತ್ತಿಯ ನಡುವೆ ನಾಲ್ಕಾಣೆಯಗಲದ ಒರಟು ಕೆಂಪು ಚಕ್ಕೆಯೊಂದನ್ನು ಅಂಟಿಸಿಬಿಟ್ಟಿದ್ದ. ಮುಟ್ಟಿದರೆ ಮರಳುಕಾಗದ ಮುಟ್ಟಿದಂತೆ. ಚಿವುಟಿ ತೆಗೆದರೆ, ಹೊರಗೆ ಹಾಕಿದ ಬೆಕ್ಕಿನಂತೆ, ವಾರದೊಳಗೆ ಮತ್ತೆ ಅದೇ ಜಾಗದಲ್ಲಿ ಹಾಜರು.

ಬೇರೆ ದಿನಗಳಾಗಿದ್ದರೆ ಶನಿಯಾರ ಅದಕ್ಕೂ ಒಂದು ಕತೆ ಕಟ್ಟುತ್ತಿದ್ದ. ಆದರೆ ಹೊಳೆಗೆ ಎಂಜಿನ್ ಲಾಂಚು ಬರುವುದು ಗಟ್ಟಿಯಾಗಿತ್ತು. ಲಾಂಚು ಬಂದ ಮೇಲೆ ಹುಟ್ಟು ಹಾಕುವ ದೋಣಿಗೆ ಕೂರುವವರು ಯಾರು? ಇದ್ದುದು ಒಂದೇ ಕೆಲಸ, ಲಾಂಚಿನ ಚುಕ್ಕಾಣಿ ಹಿಡಿಯುವ ತಾಂಡೇಲನದು. ಅದು ಸಿಗದಿದ್ದರೆ ಮುಂದೆ ದಡದಲ್ಲಿ ಕೂತು ಲಾಂಚಿನ ಹೊಗೆ ನೋಡಬೇಕು. ಅರ್ಜಿ ಹಾಕಿದವರು ಇಬ್ಬರೇ: ಶನಿಯಾರ, ಮತ್ತು ಪಕ್ಕದ ದೋಣಿಯ ಮಾದೇವ. ಮಾದೇವ ಎಷ್ಟು ಸಾಧುವೆಂದರೆ ದೋಣಿ ಕಟ್ಟುವ ಗೂಟಕ್ಕೂ 'ಹೋಗಿ ಬರ್ತೆ' ಎಂದು ಹೇಳಿಯೇ ಹೋಗುವವನು.

ಇಬ್ಬರಿಗೂ ಓದು ಬರದು. ಅರ್ಜಿ ಬರೆದುಕೊಟ್ಟವನು ತಾರಿಯ ಬಳಿ ಚಾ ಅಂಗಡಿ ಇಟ್ಟಿದ್ದ ನಾರಾಯಣ.

"ವಯಸ್ಸು ಎಷ್ಟು ಬರೀಲಿ?" ಎಂದು ನಾರಾಯಣ ಕೇಳಿದ್ದ.

"ಐವತ್ನಾಲ್ಕು."

"ನಿಂಗೆ ಮರ್ಳಾ? ಸರ್ಕಾರಿ ಕಾಗದ ಅಂದ್ರೆ ವಯಸ್ಸು ಕಡಿಮೆ ಮಾಡ್ಬೇಕು. ಮುದುಕರನ್ನ ತಕಂಡು ಅವ್ರು ಎಂತ ಮಾಡ್ತ್ರು?"

ಜನನದ ಚೀಟಿ ಯಾರ ಮನೆಯಲ್ಲೂ ಇಲ್ಲದ ಊರು ಅದು. ವಯಸ್ಸು ಎಂಬುದು ಬರೆಯುವವನ ಪೆನ್ನಿನಲ್ಲಿರುತ್ತಿತ್ತು. ಒಂದು ಲೋಟ ಚಾ ಮುಗಿಯುವಷ್ಟರಲ್ಲಿ ಶನಿಯಾರ ಹದಿನಾಲ್ಕು ವರ್ಷ ಕಿರಿಯನಾಗಿ, ನಲವತ್ತು ಎಂಬಲ್ಲಿ ಹೆಬ್ಬೆಟ್ಟು ಒತ್ತಿ ಎದ್ದಿದ್ದ.

ಇವತ್ತು ಕುಮಟೆಯ ಡಾಕ್ಟರರ ಹತ್ತಿರ ಹೋಗಿ ಆ ಕೆಲಸಕ್ಕೆ ಬೇಕಾದ ಆರೋಗ್ಯದ ಸರ್ಟಿಫಿಕೇಟು ತರುವ ದಿನ. ಬೆಳಿಗ್ಗೆ ಶನಿಯಾರ ಅಂಗಳದಲ್ಲಿ ಮುಖ ತೊಳೆಯುತ್ತಿದ್ದಾಗ ಬೇಲಿಯಾಚೆಯಿಂದ ನೆರೆಮನೆಯ ದುರ್ಗ ಕತ್ತು ಚಾಚಿದ.

"ಶನಿಯಾರಣ್ಣ, ಆ ನೆತ್ತಿ ಮೇಲಿದ್ದದ್ದು ನನ್ನ ಅಜ್ಜಂಗೂ ಇತ್ತು. ಅದು ಮುದುಕರಿಗೇ ಆಗೂದು. ಡಾಕ್ಟ್ರು ಕಂಡ್ರೆ ವಯಸ್ಸು ಹಿಡ್ದೇ ಹಿಡೀತ್ರು ನೋಡು."

ಶನಿಯಾರನ ಬಾಯಲ್ಲಿದ್ದ ನೀರು ಅಲ್ಲೇ ನಿಂತಿತು. ದುರ್ಗನ ಹೆಂಡತಿ ಗಂಗಿ ಅದಕ್ಕೂ ಉಪಾಯ ಸಿದ್ಧ ಮಾಡಿಕೊಂಡೇ ಬಂದಳು. ಚಿಮಣಿ ದೀಪದ ಮಸಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಕಿವಿಯ ಕುಚ್ಚಿನಿಂದ ಕಿವಿಯ ಕುಚ್ಚಿನವರೆಗೆ ಬಳಿದಳು. ದೂರದಿಂದ ನೋಡಿದರೆ ಹದಿನೆಂಟರ ಹುಡುಗನ ಕ್ರಾಪು. ಹತ್ತಿರದಿಂದ ನೋಡಿದರೆ ಮಗುಚಿ ಇಟ್ಟ ಕಾವಲಿ.

ಲಕ್ಕಿ ಬಾಗಿಲಲ್ಲಿ ನಿಂತು ನೋಡಿದಳು. "ಯಾರ ಮನೆ ಅಳಿಯ ಆಗೂಕೆ ಹೊರಟದ್ದು?"

"ಕೆಲ್ಸ ಸಿಗ್ಲಿ, ಆಮೇಲೆ ಮಾತಾಡು," ಎಂದು ಶನಿಯಾರ ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಎಷ್ಟು ಸೆಕೆಯೆಂದರೆ ಜನರ ಮಡಿಲಲ್ಲಿದ್ದ ತೆಂಗಿನಕಾಯಿಗಳೇ ಬೆವರುತ್ತಿದ್ದವು. ಹೊನ್ನಾವರ ದಾಟಿ ಎರಡು ಮೈಲಿಗೆ ಶನಿಯಾರನ ಹಣೆಯ ಮೇಲೆ ಒಂದು ಕಪ್ಪು ಹಳ್ಳ ಹರಿಯಿತು. ನಾಲ್ಕು ಮೈಲಿಗೆ ಅದಕ್ಕೆ ಉಪನದಿಗಳು ಸೇರಿದವು. ಪಕ್ಕದಲ್ಲಿ ಬಿಳಿ ಪಂಚೆ ಉಟ್ಟು ಕೂತಿದ್ದವರು ಎದ್ದು ನಿಂತೇ ಪ್ರಯಾಣ ಮಾಡಿದರು. ಎದುರಿಗೆ ಒಣ ಸೀಗಡಿಯ ಬುಟ್ಟಿ ಇಟ್ಟುಕೊಂಡಿದ್ದ ತಿಮ್ಮಕ್ಕ ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು.

"ಶನಿಯಾರಣ್ಣ, ನಿನ್ನ ತಲೆ ಕರಗ್ತಾ ಇತ್ತಲಾ!"

"ಸುಮ್ನಿರು ಮಾರಾಯ್ತಿ. ನಲವತ್ತರ ಪ್ರಾಯ, ರಕ್ತ ಬಿಸಿ."

"ನಲವತ್ತಾ? ನನ್ನ ಮದುವೆ ದಿಬ್ಬಣ ದಾಟ್ಸಿದ್ದು ನೀನು. ನಾಡಿದ್ದು ನನ್ನ ಮೊಮ್ಮಗಳ ಮದುವೆ. ಹಂಗಾದ್ರೆ ನಾನು ಇನ್ನೂ ಹುಟ್ಟೇ ಇಲ್ಲ ಕಾಣು!"

ಬಸ್ಸು ನಕ್ಕ ರಭಸಕ್ಕೆ ಹಿಂದಿನ ಎರಡು ಚಕ್ರಗಳು ಕುಮಟೆಯವರೆಗೆ ನೆಲ ಮುಟ್ಟಲಿಲ್ಲ.

ಡಾಕ್ಟರರು ನಿಧಾನದ ಮನುಷ್ಯ. ಶನಿಯಾರನನ್ನು ಸ್ಟೂಲಿನ ಮೇಲೆ ಕೂರಿಸಿ, ಹತ್ತಿಯ ಮೇಲೆ ಹತ್ತಿ ತೆಗೆದುಕೊಂಡು ಅವನ ಯೌವನವನ್ನು ಒರೆಸಿ ತೆಗೆದರು. ಚಕ್ಕೆ ಹೊರಬಿತ್ತು. ಭೂತಗನ್ನಡಿ ಹಿಡಿದು ನೋಡಿದರು.

"ವಯಸ್ಸು?"

"ನಲವತ್ತು, ಡಾಕ್ಟ್ರೇ."

"ಹೂಂ. ಇದು ಬಿಸಿಲು ಮಾಡಿದ ಕೆಲಸ. ಬಿಳಿ ಚರ್ಮ, ಕೂದಲಿಲ್ಲದ ನೆತ್ತಿ, ವರ್ಷಗಟ್ಟಲೆ ಉರಿಬಿಸಿಲು, ಇಷ್ಟು ಸೇರಿದರೆ ಬರುತ್ತದೆ. ಐವತ್ತು ಅರವತ್ತು ದಾಟಿದವರಲ್ಲಿ ಹೆಚ್ಚು. ನಲವತ್ತರ ಆಸುಪಾಸಿನಲ್ಲೂ ಕೆಲವರಿಗೆ ಶುರುವಾಗುತ್ತದೆ. ನಿನಗೆ ಸ್ವಲ್ಪ ಬೇಗ ಬಂತು, ಅಷ್ಟೇ. ಹೆಚ್ಚಿನವು ಏನೂ ಮಾಡುವುದಿಲ್ಲ, ಎಲ್ಲೋ ಒಂದು ಮುಂದೆ ಕೆಟ್ಟ ಹುಣ್ಣಾಗುತ್ತದೆ. ಹಾಗಾಗಿ ಬಿಡಬಾರದು. ಇನ್ನೊಂದು ದಿನ ಬಾ, ಸುಟ್ಟು ತೆಗೆಯುತ್ತೇನೆ. ಅಲ್ಲಿಯವರೆಗೂ, ಅದರ ಮೇಲೂ, ಟೊಪ್ಪಿ ಇಲ್ಲದೆ ಹೊರಗೆ ಹೊರಡಬೇಡ."

ನಲವತ್ತಕ್ಕೂ ಬರುತ್ತದಂತೆ! ಶನಿಯಾರನ ಎದೆಯ ಮೇಲಿಂದ ಲಂಗರು ಎತ್ತಿದಂತಾಯಿತು. ಎದೆ ಹಗುರಾದ ಕೂಡಲೇ ನಾಲಿಗೆಯ ಹಗ್ಗವೂ ಬಿಚ್ಚಿತು.

"ಎಷ್ಟು ವರ್ಷದಿಂದ ಬಿಸಿಲಲ್ಲಿ ಕೆಲಸ?" ಎಂದು ಡಾಕ್ಟರರು ಬರೆಯುತ್ತ ಕೇಳಿದರು.

"ನಲವತ್ತೈದು ವರ್ಷ, ಡಾಕ್ಟ್ರೇ! ಒಂದು ದಿನ ತಪ್ಪಿಲ್ಲ, ಒಂದು ಕೊಡೆ ಹಿಡ್ದವನಲ್ಲ! ನನ್ನ ನೆತ್ತಿ ಮೇಲೆ ಸೀಗಡಿ ಒಣಗಿಸ್ಬಹುದಿತ್ತು!"

ಪೆನ್ನು ನಿಂತಿತು. "ನಲವತ್ತು ವರ್ಷದವನು ನಲವತ್ತೈದು ವರ್ಷ ದೋಣಿ ನಡೆಸಿದೆಯಾ? ಹುಟ್ಟುವುದಕ್ಕೆ ಐದು ವರ್ಷ ಮೊದಲೇ ದೋಣಿ ಹತ್ತಿದ್ದೆಯೇನು?"

ಶನಿಯಾರ ಗೋಡೆ ನೋಡಿದ. ಗೋಡೆ ಏನೂ ಹೇಳಿಕೊಡಲಿಲ್ಲ. "ಐವತ್ನಾಲ್ಕು," ಎಂದ ಸಣ್ಣ ದನಿಯಲ್ಲಿ. "ಮುದುಕ ಅಂತ ಬಿಟ್ಟುಹಾಕ್ತ್ರು ಅಂದ್ಕಂಡು..."

ಡಾಕ್ಟರರು ಮೇಜಿನ ಮೇಲಿದ್ದ, ಲಾಂಚಿನ ಕೆಲಸದ ಬಗ್ಗೆ ಸರ್ಕಾರ ಕಳಿಸಿದ್ದ ಕಾಗದ ಎತ್ತಿಕೊಂಡು ನಕ್ಕರು. "ಅಯ್ಯೋ ಮಾರಾಯ, ಈ ಕೆಲಸಕ್ಕೆ ವಯಸ್ಸಿನ ಮಿತಿಯೇ ಇಲ್ಲ! ಅಳಿವೆಯ ಮರಳುದಿಬ್ಬ ಬಲ್ಲ ಹಿರಿಯನೇ ಬೇಕಂತೆ. ಹೊಳೆಯ ಅನುಭವ ಮೂವತ್ತು ವರ್ಷಕ್ಕೆ ಕಡಿಮೆ ಇರಬಾರದಂತೆ. ನಲವತ್ತರವನಿಗೆ ಅಷ್ಟು ಅನುಭವ ಎಲ್ಲಿಂದ ಬಂತು ಎಂದು ನಿನ್ನ ಹೆಸರಿಗೆ ಪ್ರಶ್ನೆಯ ಗುರುತು ಹಾಕಿದ್ದಾರೆ. ಇನ್ನೊಬ್ಬ ಐವತ್ತಾರು ಎಂದು ಬರೆಸಿದ್ದಾನೆ. ಬೆಳಿಗ್ಗೆಯೇ ಅವನಿಗೆ ಸರ್ಟಿಫಿಕೇಟು ಕೊಟ್ಟೆ. ಆ ವಯಸ್ಸಿಗೆ ಎಂಥ ಮೈಕಟ್ಟು! ಮಾದೇವ ಎಂದು ಹೆಸರು."

ಶನಿಯಾರ ಸ್ಟೂಲಿನಿಂದ ಚಿಮ್ಮಿದ. "ಮಾದೇವಂಗೆ ಐವತ್ತಾರಾ? ಮೂವತ್ತೆಂಟು, ಡಾಕ್ಟ್ರೇ! ಅಂವ್ನ ಅಬ್ಬೆಗೆ ನೋವು ಬಂದಾಗ ಸೂಲಗಿತ್ತಿಯನ್ನ ದಾಟ್ಸಿ ತಂದವನೇ ನಾನು!"

ಡಾಕ್ಟರರ ಮುಖ ಗಂಭೀರವಾಯಿತು. "ಇದು ನಿಜವಾದರೆ ಅವನದು ರದ್ದಾಗಬೇಕು. ನೀನು ಸಾಕ್ಷಿ ಹೇಳುವೆಯಾದರೆ ನಿನ್ನ ನಿಜ ವಯಸ್ಸನ್ನು ನಾನೇ ಬರೆದು ಕಳಿಸುತ್ತೇನೆ. ಅರ್ಜಿ ಬರೆದುಕೊಟ್ಟವನು ತಪ್ಪು ಬರೆದ ಎಂದರಾಯಿತು. ಆದರೆ ಇನ್ನು ಒಂದು ಸುಳ್ಳೂ ಕೂಡದು."

"ಇಡಗುಂಜಿ ಗಣಪತಿ ಆಣೆ! ಇನ್ನು ನನ್ನ ಬಾಯಲ್ಲಿ ಸುಳ್ಳು ಬಂದ್ರೆ ಕೇಳಿ!"

ತಾಂಡೇಲನ ಕೆಲಸ ಕೈಗೆ ಸಿಕ್ಕೇಬಿಟ್ಟಿತು ಎನ್ನುವಾಗ ಬಾಗಿಲ ಪರದೆ ಸರಿಯಿತು. ಹೆಗಲ ಮೇಲೆ ಬಾಳೆಗೊನೆ ಹೊತ್ತು ಮಾದೇವ ಒಳಗೆ ಬಂದ. ಬಸ್ಸಿಗೆ ಕಾಯುತ್ತಿದ್ದವನಿಗೆ ಶನಿಯಾರ ಇಲ್ಲಿದ್ದಾನೆಂದು ತಿಮ್ಮಕ್ಕ ಹೇಳಿದ್ದಳು. ಅವನು ಗೊನೆಯನ್ನು ಶನಿಯಾರನ ಕಾಲ ಬಳಿ ಇಳಿಸಿ ಕೈ ಮುಗಿದ.

"ಶನಿಯಾರ ಮಾವ, ನಿಮ್ಮ ಉಪಕಾರ ಸಾಯೂತನಕ ಮರೆಯೂದಿಲ್ಲ. ಕೆಲ್ಸ ಸಿಕ್ಕ ಹಂಗೇ ಆತು!"

"ಇವನು ಮಾಡಿದ ಉಪಕಾರ ಯಾವುದು?" ಎಂದು ಡಾಕ್ಟರರು ಕೇಳಿದರು.

ಮಾದೇವ ಬಾಯಿ ತೆರೆಯುವ ಮೊದಲೇ ಶನಿಯಾರ ಬೋಳುನೆತ್ತಿಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡ.

"ನಾನೇ ಹೇಳ್ತೆ, ಡಾಕ್ಟ್ರೇ. ಐವತ್ತಾರು ಬರ್ಸು ಅಂತ ಇವಂಗೆ ಹೇಳ್ಕೊಟ್ಟವ ನಾನೇ. ಮುದುಕ ಅಂದ್ಕಂಡು ಇವನನ್ನ ಬಿಟ್ಟುಹಾಕ್ಲಿ ಅಂತ."